ಮಹಾಪ್ರಬಂಧ ಮುಗಿದ ಹೊತ್ತಿನಲ್ಲಿ

ಕೊನೆಗೂ ಮೌಖಿಕ ಪರೀಕ್ಷೆ ಮುಗಿಯಿತು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ, ಪೋಲೆಂಡಿನ ವಾರ್ಸಾ ಘೆಟ್ಟೋದೊಳಗೆ ಇತಿಹಾಸಕಾರ ಇಮಾನ್ಯುಯೆಲ್ ರಿಂಗೆಲ್‌ಬ್ಲುಮ್ ಮತ್ತು ಸಂಗಡಿಗರು ಗುಟ್ಟಾಗಿ ಕೂಡಿಟ್ಟ ‘ಓನೆಗ್ ಶಬ್ಬಾತ್’ ದಾಖಲೆಗಳ ಕುರಿತ ನನ್ನ ಪ್ರಬಂಧಕ್ಕೆ ಪಿಎಚ್.ಡಿ. ದೊರೆತಿದೆ. ಹಾರೈಸಿದವರಿಗೆಲ್ಲ ಒಟ್ಟಿಗೇ ಉತ್ತರಿಸುತ್ತಿದ್ದೇನೆ, ಬೇಸರಿಸಬೇಡಿ.

ಮಾರ್ಗದರ್ಶಕರಿಗೆ, ಯಿಡ್ಡಿಷ್ ಕಲಿಸಿದ ಗುರುಗಳಿಗೆ, ವಾರ್ಸಾದ ಯಹೂದಿ ಇತಿಹಾಸ ಸಂಸ್ಥೆಯ ಓದುಕೋಣೆಯವರಿಗೆ, ಕರಡು ತಿದ್ದಿದ ಗೆಳೆಯರಿಗೆ, ಎಷ್ಟು ಸಲ ಹಣ ಕೇಳಿದರೂ ‘ಯಾಕೆ’ ಎನ್ನದ ಅಣ್ಣನಿಗೆ ನಮಸ್ಕಾರ.

ಇನ್ನು ನನ್ನ ಮನೆಯೊಡತಿ. ಎಪ್ಪತ್ತು ದಾಟಿದ ಪೋಲಿಷ್ ಹೆಂಗಸು, ಬಾಡಿಗೆ ವಿಷಯದಲ್ಲಿ ಬಲು ಖಡಕ್ಕು.

ಅಪ್ಪ ತೀರಿಕೊಂಡ ಸುದ್ದಿ ಬಂದ ರಾತ್ರಿಯ ಮಾತು. ಅಂದು ಹಗಲಿಡೀ ನಾನು ರಾಖೆಲ್ ಔರ್ಬಾಖ್ ಬರಹ ಓದುತ್ತಿದ್ದೆ. ಘೆಟ್ಟೋದೊಳಗೆ ಲೆಷ್ನೊ ಬೀದಿಯ 40ನೇ ನಂಬರಿನ ಗಂಜಿಕೇಂದ್ರ ನಡೆಸುತ್ತಿದ್ದ ಆಕೆ, ದಿನಾ ಒಂದು ಬಟ್ಟಲು ಸೂಪು ಕುಡಿದೂ ಕಣ್ಣೆದುರೇ ಸೊರಗಿ ಸತ್ತವರ ಕುರಿತು ಬರೆದಿಟ್ಟಿದ್ದಾರೆ. ರಾತ್ರಿ ಮನೆಯೊಡತಿ ನನ್ನ ಮುಂದಿಟ್ಟದ್ದೂ ಸೂಪೇ, ಆಲೂಗಡ್ಡೆಯದು. ಚಮಚ ಎತ್ತಲಾಗಲಿಲ್ಲ. ಅವರು ತಿನ್ನು ಎನ್ನಲಿಲ್ಲ. ಆರಿದಾಗ ಒಯ್ದು ಬಿಸಿ ಮಾಡಿ ತಂದರು, ಮತ್ತೆ ಆರಿತು, ಮತ್ತೆ ಬಿಸಿ ಮಾಡಿದರು. ನಾನು ಕನ್ನಡದಲ್ಲೇ ಹಲುಬಿದೆ, ಅವರು ಎಲ್ಲ ತಿಳಿದವರಂತೆ ಹೂಂಗುಟ್ಟಿದರು. ಬೆಳಗಾದಾಗ ವಿಮಾನ ನಿಲ್ದಾಣದವರೆಗೂ ಬಂದರು, ಚೀಲ ಅವರ ಕೈಯಲ್ಲೇ ಇತ್ತು.

ಅಲ್ಲಿಯವರೆಗೆ ಒಂದೊಂದು ಸಾವಿಗೂ ಅಡಿಟಿಪ್ಪಣಿ ಹಾಕಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಹಾಗೆ ಮಾಡದಿದ್ದರೆ ಈ ಕೆಲಸ ಸಾಗುವುದಿಲ್ಲ. ಊರಿನಲ್ಲಿ ಅಪ್ಪನಿಗೆ ಪಿಂಡ ಇಟ್ಟು ಕಾಗೆಗೆ ಕಾದು ಕುಳಿತಾಗ ಮಾತ್ರ ಎದೆ ಒಡೆಯಿತು. 1942ರ ಬೇಸಿಗೆಯಲ್ಲಿ ಘೆಟ್ಟೋದಿಂದ ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಿದ ಎಷ್ಟೋ ಜನ ಯಾವ ದಿನ ಸತ್ತರೆಂಬುದೇ ಯಾರಿಗೂ ಗೊತ್ತಿಲ್ಲ. ತಿಥಿ ಎಲ್ಲಿಂದ ಬರಬೇಕು? ಉಳಿದದ್ದು ತಗಡಿನ ಪೆಟ್ಟಿಗೆಗಳಲ್ಲಿ, ಹಾಲಿನ ಕ್ಯಾನುಗಳಲ್ಲಿ ರಿಂಗೆಲ್‌ಬ್ಲುಮ್ ಸಂಗಡಿಗರು ಹೂತಿಟ್ಟ ಕಾಗದ. ಪೆಟ್ಟಿಗೆಗಳು 1946ರಲ್ಲಿ ಸಿಕ್ಕವು, ಕ್ಯಾನುಗಳು 1950ರಲ್ಲಿ. ಅವಶೇಷಗಳಡಿ ಅಗೆಯಲೇಬೇಕೆಂದು ಹಟ ಹಿಡಿದವರಲ್ಲಿ ಬದುಕುಳಿದ ರಾಖೆಲ್ ಮುಂಚೂಣಿಯಲ್ಲಿದ್ದರು.

ವಾರ್ಸಾಕ್ಕೆ ಮರಳಿದ ಮೇಲೂ ತಿಂಗಳುಗಟ್ಟಲೆ ಗಂಜಿಕೇಂದ್ರದ ಅಧ್ಯಾಯ ಮುಟ್ಟಲಿಲ್ಲ. ‘ಇವತ್ತು ಬರೆದೆಯಾ?’ ಎಂದು ದಿನವೂ ಕೇಳಿದ್ದು ಮನೆಯೊಡತಿಯೇ. ಅದಕ್ಕೂ ಬಾಡಿಗೆ ಕೇಳಿದ ದನಿಯೇ.

ಆಗಸ್ಟ್‌ನಿಂದ ಸ್ನಾತಕೋತ್ತರ ತರಗತಿಗೆ ಇದೇ ವಿಷಯ ಪಾಠ ಮಾಡಲಿದ್ದೇನೆ. ಪ್ರಬಂಧದ ಪ್ರತಿ ಬೇಕಾದವರು ತಿಳಿಸಿ, ಕಳಿಸುತ್ತೇನೆ. ಗಂಜಿಕೇಂದ್ರದ ಅಧ್ಯಾಯ ಮೂರನೆಯದು. ಊಟದ ಹೊತ್ತಿಗೆ ತೆರೆಯಬೇಡಿ.