ಅವ್ವನ ಕೋಣೆಗೆ ಹೀಟರ್ ತರುವ ಮೊದಲು

ಒಟ್ಟಾವಾ, ಕೆನಡಾ
ಡಿಸೆಂಬರ್ 7

ಪ್ರೀತಿಯ ಅಣ್ಣನಿಗೆ ಮತ್ತು ವೈನಿಗೆ, ತಂಗಿಯ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಹೊರಗೆ ಹಿಮ ಬಿದ್ದು ರಸ್ತೆಯೆಲ್ಲ ಬೆಳ್ಳಗಾಗಿದೆ, ಮನೆಯೊಳಗೆ ಮಾತ್ರ ಹಗಲೂ ರಾತ್ರಿ 20 ಡಿಗ್ರಿ. ಇಷ್ಟು ಬೆಚ್ಚಗೆ ಕೂತಾಗಲೇ ಅವ್ವನ ನೆನಪು ಜಾಸ್ತಿ ಆಗುತ್ತದೆ. ಎರಡು ಕೌದಿ ಹೊದ್ದರೂ ಪಾದ ತಣ್ಣಗೇ ಇರುತ್ತವೆ ಅಂತ ನೀನು ಹೇಳಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. ಫೋನಿನಲ್ಲಿ ಕೇಳಿದರೆ ಅವ್ವ "ನನಗೇನೂ ಬ್ಯಾಡ, ಕೌದಿ ಸಾಕು" ಅಂತಾಳೆ. ಅದನ್ನು ನಂಬಿ ಸುಮ್ಮನಿರಬೇಡಿ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಧಾರವಾಡದಲ್ಲಿ ಬೆಳಗಿನ ಜಾವ 14-15 ಡಿಗ್ರಿ ಇರುತ್ತದೆ. ಮಾಳಮಡ್ಡಿಯ ನಮ್ಮ ಮನೆಯ ಕಲ್ಲುಗೋಡೆ, ಶಹಾಬಾದಿ ನೆಲ ಒಮ್ಮೆ ತಣ್ಣಗಾದರೆ ಮಧ್ಯಾಹ್ನದವರೆಗೂ ಬಿಸಿಯಾಗುವುದಿಲ್ಲ. ಚಳಿ ಇರುವ ಕಡೆ ಮನೆಯೊಳಗೆ 18 ಡಿಗ್ರಿಯಾದರೂ ಇರಬೇಕು, ವಯಸ್ಸಾದವರಿಗೆ ಅದಕ್ಕಿಂತ ಜಾಸ್ತಿ ಬೇಕಾಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಹಾಗಾಗಿ ಅವ್ವನಿಗೆ ಹೀಟರ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವುದು, ಹೇಗೆ ಅನ್ನುವುದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಅಂತ ಈ ಪತ್ರ.

"ಅಲ್ಲಿಂದಲೇ ಒಂದು ಛಲೋ ಹೀಟರ್ ಕಳಿಸಿಬಿಡು, ಫಾರಿನ್ ಮಾಲು ಗಟ್ಟಿ ಇರ್ತದ" ಅಂದಿದ್ದೆಯಲ್ಲ. ನಾನು ಕಳಿಸುವುದಿಲ್ಲ ಅಣ್ಣ. ಯಾರಾದರೂ ಊರಿಗೆ ಬರುವವರ ಕೈಯಲ್ಲಿ ತರಿಸಿಕೊಳ್ಳಲೂ ಬೇಡ. ಇಲ್ಲಿ ಗೋಡೆಯ ಪ್ಲಗ್ಗಿಗೆ ಬರುವುದು 120 ವೋಲ್ಟ್, ನಮ್ಮಲ್ಲಿ 230. ಇಲ್ಲಿಯ ಹೀಟರ್‌ಗಳು ಹೆಚ್ಚೆಂದರೆ 1500 ವ್ಯಾಟ್‌ನವು. ಅದನ್ನೇ ತಂದು ನಮ್ಮ ಪ್ಲಗ್ಗಿಗೆ ಹಾಕಿದರೆ ವೋಲ್ಟೇಜ್ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಕರೆಂಟೂ ಅಷ್ಟೇ ಪಟ್ಟು ಏರುತ್ತದೆ. ಎರಡೂ ಸೇರಿ 1500 ವ್ಯಾಟ್‌ನ ಹೀಟರ್ 5500 ವ್ಯಾಟ್ ಎಳೆಯಲು ಹೋಗುತ್ತದೆ. ಫ್ಯೂಸ್ ಹೋದರೆ ಪುಣ್ಯ, ಹೋಗದಿದ್ದರೆ ಹೀಟರೇ ಹೊತ್ತಿಕೊಳ್ಳುತ್ತದೆ. ನಡುವೆ ಟ್ರಾನ್ಸ್‌ಫಾರ್ಮರ್ ಇಡಬೇಕೆಂದರೆ ಅದರ ಭಾರ, ಅದರ ಖರ್ಚು ಬೇರೆ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಸಿಗುವುದೇ ನಮಗೆ ಸರಿ. ಕೆಟ್ಟರೆ ರಿಪೇರಿಗೂ ಅಲ್ಲೇ ಒಯ್ಯಬಹುದು.

ಅಂಗಡಿಗೆ ಹೋಗುವ ಮೊದಲು ಇನ್ನೊಂದು ಕೆಲಸ ಇದೆ. ನನಗೆ ಹೆಚ್ಚು ಚಿಂತೆ ಆಗಿರುವುದು ಅದರದ್ದೇ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅವ್ವನ ಕೋಣೆ ತೋರಿಸಿದಾಗ ಮಂಚದ ತಲೆದೆಸೆಯ ಬೋರ್ಡ್ ಕಣ್ಣಿಗೆ ಬಿತ್ತು. ಸಣ್ಣ ಪ್ಲಗ್ಗು, ಟಿವಿಗೆ ಹಾಕುವಂಥದ್ದು. ಅದರ ಬಲಗಡೆಯ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ, ಅಂಚು ಒಂಚೂರು ಉಬ್ಬಿದೆ. ಇಸ್ತ್ರಿ ಪೆಟ್ಟಿಗೆ ಅಲ್ಲೇ ಹಾಕುತ್ತೀರಿ ಅಂತ ವೈನಿ ಹೇಳಿದರು. ಒಳಗಿನ ಹಿತ್ತಾಳೆ ಪಟ್ಟಿ ಸಡಿಲಾದರೆ ಪಿನ್ನು ಬಿಗಿಯಾಗಿ ಕೂರುವುದಿಲ್ಲ. ಸಡಿಲ ಇದ್ದ ಜಾಗದಲ್ಲೇ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಸುಟ್ಟಿರುವುದು ಅದಕ್ಕೇ. ಇಸ್ತ್ರಿ ಹತ್ತು ನಿಮಿಷದ ಕೆಲಸ, ಹೀಟರ್ ಗಂಟೆಗಟ್ಟಲೆ ಉರಿಯುವಂಥದ್ದು. ಆ ಪ್ಲಗ್ಗಿಗೆ ದಯವಿಟ್ಟು ಹೀಟರ್ ಹಾಕಬೇಡಿ. ಇಸ್ತ್ರಿಯನ್ನೂ ಇವತ್ತಿನಿಂದಲೇ ನಿಲ್ಲಿಸಿ.

ಲೆಕ್ಕ ನೋಡು. 2000 ವ್ಯಾಟ್‌ನ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಸಣ್ಣ ಪ್ಲಗ್ಗು ಇರುವುದೇ 6 ಆಂಪಿಗೆ. ಗೀಸರ್‌ಗೆ ಇರುವಂಥ 16 ಆಂಪಿನ ದೊಡ್ಡ ಪಾಯಿಂಟ್ ಅವ್ವನ ಕೋಣೆಯಲ್ಲಿ ಹೊಸದಾಗಿ ಹಾಕಿಸು. ಹಳೆಯ ವೈರಿಗೆ ಬರೀ ದೊಡ್ಡ ಸಾಕೆಟ್ ಕೂರಿಸಿ ಕೈತೊಳೆದುಕೊಳ್ಳುವವರಿದ್ದಾರೆ, ಅದು ಬೇಡವೇ ಬೇಡ. ಆಗ ಸಾಕೆಟ್ ತಣ್ಣಗಿದ್ದು ಗೋಡೆಯೊಳಗಿನ ವೈರ್ ಬಿಸಿಯಾಗುತ್ತದೆ, ಅದು ಕಣ್ಣಿಗೂ ಕಾಣುವುದಿಲ್ಲ. ಮೇನ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಯಬೇಕು. ತಾಮ್ರದ ವೈರು, 2.5 ಸ್ಕ್ವೇರ್ ಎಂಎಂಗಿಂತ ಸಣ್ಣದಿರಬಾರದು. ಅದಕ್ಕೆ ಅದರದ್ದೇ ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್, ಇರಲಿ. ಅರ್ಥಿಂಗ್ ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ಮೀಟರ್ ಹಚ್ಚಿ ನೋಡಲು ಹೇಳು. ಹಳೇ ಮನೆ, ಅಪ್ಪ ಇದ್ದಾಗ ಹಾಕಿಸಿದ್ದು, ಆಮೇಲೆ ಯಾರೂ ನೋಡಿಲ್ಲ. ಹಾಗೇ 30 ಮಿಲಿಆಂಪಿನ ಆರ್‌ಸಿಸಿಬಿ ಒಂದನ್ನು ಹಾಕಿಸಿಬಿಡು. ಎಲ್ಲಾದರೂ ಕರೆಂಟ್ ಸೋರಿ ಮೈಗೆ ಹೊಡೆಯುವ ಹಾಗಾದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಖರ್ಚಾಗುತ್ತದೆ ಅಂತ ಹಿಂದೆಮುಂದೆ ನೋಡಬೇಡ, ಈ ಖರ್ಚು ಪೂರ್ತಿ ನನ್ನದು.

ಇನ್ನು ಹೀಟರ್. ಅಂಗಡಿಯಲ್ಲಿ ಮೂರು ಥರ ತೋರಿಸುತ್ತಾರೆ. ಕೆಂಪಗೆ ಉರಿಯುವ ಹ್ಯಾಲೊಜನ್ ಅಥವಾ ರಾಡಿನದು, ಬಿಸಿಗಾಳಿ ಊದುವ ಬ್ಲೋವರ್, ಆಮೇಲೆ ಸಾಲಾಗಿ ರೆಕ್ಕೆ ನಿಲ್ಲಿಸಿದ ಹಾಗಿರುವ ಆಯಿಲ್ ಹೀಟರ್. ಅವ್ವನಿಗೆ ಆಯಿಲ್ ಹೀಟರ್ ತಗೊಳ್ಳಿ.

ಹ್ಯಾಲೊಜನ್ ಅಗ್ಗ, ಹಚ್ಚಿದ ಕೂಡಲೇ ಬಿಸಿ. ಆದರೆ ಎದುರಿಗೆ ಕೂತವರಿಗಷ್ಟೇ ಬಿಸಿ, ಕೋಣೆಗಲ್ಲ. ಕೆಂಪಗೆ ಕಾದ ರಾಡಿಗೆ ಅಡ್ಡ ಇರುವುದು ಒಂದು ತಂತಿಜಾಳಿಗೆ ಮಾತ್ರ. ಅವ್ವನ ಸೀರೆ ಸೆರಗು, ಜಾರಿ ಬೀಳುವ ಕೌದಿ, ಸೊಳ್ಳೆ ಪರದೆ, ಇಷ್ಟೆಲ್ಲ ಇರುವ ಕೋಣೆಗೆ ಅದು ಆಗಿಬರುವುದಿಲ್ಲ. ಇನ್ನೂ ಒಂದು ಮಾತು ಇದೆ. ಅವ್ವನಿಗೆ ಸಕ್ಕರೆ ಕಾಯಿಲೆ ಇದೆ, ಪಾದ ಜೋಮು ಹಿಡಿದ ಹಾಗಿರುತ್ತದೆ ಅಂತ ಅವಳೇ ಹೇಳುತ್ತಾಳೆ. ಅಂಥ ಪಾದಕ್ಕೆ ಸುಡುವುದು ಗೊತ್ತಾಗುವುದಿಲ್ಲ. ಬೆಚ್ಚಗಿದೆ ಅಂತ ಕಾಲು ಚಾಚಿ ಕೂತರೆ ಬೊಬ್ಬೆ ಎದ್ದ ಮೇಲೇ ತಿಳಿಯುವುದು. ಸಕ್ಕರೆ ಇದ್ದವರ ಕಾಲಿನ ಗಾಯ ಬೇಗ ವಾಸಿಯಾಗುವುದಿಲ್ಲ ಅನ್ನುವುದು ನಿನಗೇ ಗೊತ್ತು. ರಬ್ಬರ್ ಚೀಲಕ್ಕೆ ಕುದಿನೀರು ಹಾಕಿ ಪಾದದ ಹತ್ತಿರ ಇಡುವುದೂ ಇದೇ ಕಾರಣಕ್ಕೆ ಬೇಡ. ಮಲಗುವ ಮೊದಲು ಹಾಸಿಗೆ ಬೆಚ್ಚಗೆ ಮಾಡಿ ಚೀಲ ತೆಗೆದುಬಿಡಿ ವೈನಿ. ಉಣ್ಣೆ ಕಾಲುಚೀಲ ನಾನು ಕಳಿಸುತ್ತೇನೆ.

ಬ್ಲೋವರ್ ಬಚ್ಚಲಿನಿಂದ ಬಂದು ಬಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಸರಿ. ಗುಂಯ್ ಅಂತ ಸದ್ದು, ಆರಿಸಿದರೆ ಕೋಣೆ ಬೇಗ ತಣ್ಣಗಾಗುತ್ತದೆ. ಅವ್ವನಿಗೆ ಮೊದಲೇ ನಿದ್ದೆ ಕಮ್ಮಿ.

ಆಯಿಲ್ ಹೀಟರ್‌ನಲ್ಲಿ ಎಣ್ಣೆ ಉರಿಯುವುದಿಲ್ಲ, ಅದನ್ನು ತುಂಬಿಸುವುದೂ ಇಲ್ಲ. ಎಣ್ಣೆ ಒಳಗೇ ಸೀಲ್ ಆಗಿರುತ್ತದೆ. ಕರೆಂಟಿನಿಂದ ಕಾದ ಎಣ್ಣೆ ರೆಕ್ಕೆಗಳಲ್ಲಿ ತಿರುಗಿ ನಿಧಾನಕ್ಕೆ ಕೋಣೆಗೆ ಶಾಖ ಕೊಡುತ್ತದೆ. ಬೆಚ್ಚಗಾಗಲು ಅರ್ಧ ಗಂಟೆ ಹಿಡಿಯಬಹುದು, ಆದರೆ ಆರಿಸಿದ ಮೇಲೂ ಬಹಳ ಹೊತ್ತು ಬಿಸಿ ಇರುತ್ತದೆ. ಬೆಂಕಿಯ ಹಾಗೆ ಕಾದ ರಾಡ್ ಹೊರಗೆ ಕಾಣುವುದಿಲ್ಲ, ಸದ್ದೂ ಇಲ್ಲ. ಮೈಯಂತೂ ಮುಟ್ಟಿದರೆ ಚುರುಕ್ ಅನ್ನುವಷ್ಟು ಬಿಸಿ ಇರುತ್ತದೆ, ಮಕ್ಕಳಿಗೆ ಹೇಳಿಡಿ. ಹ್ಯಾವೆಲ್ಸ್, ಉಷಾ, ಬಜಾಜ್ ಎಲ್ಲರದ್ದೂ ಸಿಗುತ್ತದೆ. ಅವ್ವನ ಕೋಣೆ ಹತ್ತು-ಹನ್ನೆರಡು ಅಡಿ, ಹೋದ ವರ್ಷ ಹಂಚಿನ ಕೆಳಗೆ ಸೀಲಿಂಗ್ ಬೇರೆ ಹಾಕಿಸಿದ್ದೀ, ಹಾಗಾಗಿ 9 ರೆಕ್ಕೆಯದು ಸಾಕು. 13 ರೆಕ್ಕೆಯದು ಒಯ್ಯಿರಿ ಅಂತ ಅಂಗಡಿಯವರು ಜೋರು ಮಾಡಿದರೂ ತರಬೇಡ.

ತಗೊಳ್ಳುವಾಗ ಇಷ್ಟು ನೋಡು. ಥರ್ಮೋಸ್ಟಾಟ್ ಇರಬೇಕು, ಕೋಣೆ ಬೆಚ್ಚಗಾದ ಮೇಲೆ ತಾನೇ ನಿಂತು, ತಣ್ಣಗಾದಾಗ ತಾನೇ ಶುರುವಾಗಲು. ಅತಿಯಾಗಿ ಕಾದರೆ ಆರುವ ವ್ಯವಸ್ಥೆ ಇರಬೇಕು. ಉರುಳಿ ಬಿದ್ದರೆ ಆರುವ ಸ್ವಿಚ್ ಇರಬೇಕು. ಇದನ್ನು ಅಂಗಡಿಯಲ್ಲೇ ಹಚ್ಚಿ, ಸ್ವಲ್ಪ ವಾಲಿಸಿ ತೋರಿಸು ಅಂತ ಕೇಳು, ಸಂಕೋಚ ಬೇಡ. ಐಎಸ್‌ಐ ಗುರುತು ಡಬ್ಬಿಯ ಮೇಲಷ್ಟೇ ಇದ್ದರೆ ಸಾಲದು, ಹೀಟರಿನ ಮೈಮೇಲೂ ಇರಬೇಕು. ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಫೋನಿನಲ್ಲಿ ಈ ಗುರುತು ಕೊಡುವ ಸಂಸ್ಥೆಯದೇ ಆದ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ನಂಬರ್ ಹೊಡೆದರೆ ಯಾವ ಕಂಪನಿಗೆ, ಯಾವ ಸಾಮಾನಿಗೆ ಕೊಟ್ಟ ಲೈಸೆನ್ಸ್ ಅನ್ನುವುದು ಬರುತ್ತದೆ. ಗೋಡೆಯ ಪ್ಲಗ್ಗಿಗೇ ನೇತುಹಾಕುವ ಅಂಗೈಯಗಲದ ಹೀಟರ್‌ಗಳನ್ನು ಆನ್‌ಲೈನಿನಲ್ಲಿ ಮಾರುತ್ತಾರೆ. ಅವುಗಳ ಕಡೆ ನೋಡಲೂ ಹೋಗಬೇಡ.

ಮನೆಗೆ ತರುವಾಗ ಆಟೋದಲ್ಲಿ ಅಡ್ಡ ಮಲಗಿಸಬೇಡ. ಮಲಗಿಸಲೇಬೇಕಾಗಿ ಬಂದರೆ, ಮನೆಗೆ ತಂದು ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆಮೇಲೆ ಹಚ್ಚು, ಎಣ್ಣೆ ಕೆಳಗೆ ಇಳಿಯಬೇಕಲ್ಲ. ಮೊದಲ ಸಲ ಹಚ್ಚಿದಾಗ ಸ್ವಲ್ಪ ವಾಸನೆ ಬರುತ್ತದೆ, ಕಿಟಕಿ ತೆಗೆದಿಟ್ಟು ಒಂದು ಗಂಟೆ ಓಡಿಸಿ.

ಇಡುವ ಜಾಗ ಬಾಗಿಲ ಕಡೆಯ ಗೋಡೆ ಅಂತ ನನ್ನ ಲೆಕ್ಕ, ಕಲ್ಲುನೆಲದ ಮೇಲೇ. ಅವ್ವ ಮಂಚ ಇಳಿಯುವಲ್ಲಿ ನವಲಗುಂದದ ಜಮಖಾನ ಹಾಸಿ, ಪಾದಕ್ಕೆ ತಣ್ಣಗೆ ತಾಗುವುದು ತಪ್ಪುತ್ತದೆ. ಆದರೆ ಹೀಟರ್ ಅದರ ಮೇಲೆ ಬೇಡ. ಸುತ್ತಲೂ ಮೂರು ಅಡಿ ಖಾಲಿ ಇರಬೇಕು. ಇಲ್ಲಿ ಚಳಿಗಾಲ ಬಂತೆಂದರೆ ಅಗ್ನಿಶಾಮಕದವರು ಇದನ್ನೇ ಹೇಳುತ್ತಾರೆ: ಒಂದು ಮೀಟರ್ ದೂರ, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ, ನೇರ ಗೋಡೆಯ ಪ್ಲಗ್ಗಿಗೇ ಹಾಕಿ. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ. ಮಳೆಗಾಲದಲ್ಲಿ ಹಸಿ ಬಟ್ಟೆ ಒಣಗಿಸಲು ಈ ರೆಕ್ಕೆಗಳು ಬಹಳ ಅನುಕೂಲ ಅನ್ನಿಸುತ್ತದೆ ವೈನಿ, ದಯವಿಟ್ಟು ಒಂದು ಟವೆಲ್ ಕೂಡ ಹಾಕಬೇಡಿ.

ರಾತ್ರಿಯಿಡೀ ಹಚ್ಚಿಡುವುದು ನನಗೆ ಒಪ್ಪಿಗೆ ಇಲ್ಲ. ಎಂಟು ಗಂಟೆಗೆ ಹಚ್ಚಿ, ಅವ್ವ ಮಲಗುವಾಗ ಆರಿಸಿ ಪ್ಲಗ್ ಕಿತ್ತಿಡಿ. ಬೆಳಿಗ್ಗೆ ಅವಳು ಏಳುವ ಮೊದಲು ನಿಮ್ಮಲ್ಲಿ ಯಾರಾದರೂ ಎದ್ದು ಮತ್ತೆ ಹಚ್ಚಿ. ಕರೆಂಟ್ ಹೋದಾಗ ಸ್ವಿಚ್ ಆರಿಸುವುದನ್ನು ಮರೆಯಬೇಡಿ. ತಿರುಗಿಸುವ ಗುಂಡಿ ಇರುವ ಹೀಟರ್, ಕರೆಂಟ್ ಬಂದ ಕೂಡಲೇ ತಾನೇ ಶುರುವಾಗುತ್ತದೆ, ಆಗ ಕೋಣೆಯಲ್ಲಿ ಯಾರೂ ಇಲ್ಲದೆಯೂ ಇರಬಹುದು. ಹೊಸ ಪಾಯಿಂಟನ್ನು ಇನ್ವರ್ಟರ್ ಲೈನಿಗೆ ಸೇರಿಸಬಾರದು ಅಂತ ಎಲೆಕ್ಟ್ರಿಷಿಯನ್‌ಗೆ ಬಿಡಿಸಿ ಹೇಳು. ನಮ್ಮ ಇನ್ವರ್ಟರ್ ಫ್ಯಾನು, ಲೈಟಿಗಷ್ಟೇ.

ಬಿಲ್ಲಿನ ವಿಷಯ. ಸಣ್ಣ ಹಂತದಲ್ಲಿಟ್ಟರೆ ಗಂಟೆಗೆ ಹೆಚ್ಚೆಂದರೆ ಒಂದು ಯುನಿಟ್. ದಿನಕ್ಕೆ ಮೂರು ಗಂಟೆ ಅಂದರೆ ತಿಂಗಳಿಗೆ 90 ಯುನಿಟ್, ಥರ್ಮೋಸ್ಟಾಟ್ ನಡುನಡುವೆ ನಿಲ್ಲುವುದರಿಂದ ಅಷ್ಟೂ ಆಗಲಿಕ್ಕಿಲ್ಲ. ಗೃಹಜ್ಯೋತಿಯಲ್ಲಿ ನಮಗೆ ಸಿಕ್ಕ ಮಿತಿ ದಾಟಿದರೆ ಮೇಲಿನ ಯುನಿಟ್ಟಿಗೆ ದುಡ್ಡು, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಎರಡು ತಿಂಗಳು ಹಾಗಾದರೆ ಆಗಲಿ. ಬಿಲ್ಲಿನ ಸುದ್ದಿ ಅವ್ವನ ಕಿವಿಗೆ ಬೀಳದಿರಲಿ, ಗೊತ್ತಾದರೆ ಅವಳು ಹೀಟರ್ ಹಚ್ಚಲು ಬಿಡುವುದಿಲ್ಲ.

ವೈನಿ, ನೀವು ಮೊದಲಿನ ಹಾಗೆ ಕೆಂಡದ ಸಿಗಡಿ ಇಟ್ಟರೆ ಹೇಗೆ ಅಂತ ಕೇಳಿದ್ದಿರಿ. ನಿಮ್ಮ ಕಾಳಜಿ ನನಗೆ ಗೊತ್ತು, ಆದರೆ ಒಂದೇ ಒಂದು ರಾತ್ರಿಯೂ ಬೇಡ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಅನ್ನುವ ಅನಿಲ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದು ಹೋಗಿ ಕೂರುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಅಜ್ಜಿಯ ಕಾಲದಲ್ಲಿ ಹಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು, ಈಗ ಸೀಲಿಂಗ್ ಬಂದು ಕೋಣೆ ಮುಚ್ಚಿಹೋಗಿದೆ. ಕರೆಂಟಿನ ಹೀಟರ್‌ನಲ್ಲಿ ಏನೂ ಉರಿಯುವುದಿಲ್ಲ, ಹಾಗಾಗಿ ಈ ಅನಿಲ ಹುಟ್ಟುವುದಿಲ್ಲ. ಹೀಟರ್ ಗಾಳಿಯಲ್ಲಿನ ಆಮ್ಲಜನಕ ತಿನ್ನುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗಾಳಿ ಒಣಗಿದ ಹಾಗಾಗಿ ಗಂಟಲು, ತುಟಿ ಒಣಗುತ್ತದೆ, ಅದಕ್ಕೆ ಅವ್ವನಿಗೆ ಮಲಗುವ ಮೊದಲು ಸ್ವಲ್ಪ ಬಿಸಿನೀರು ಕೊಡಿ, ಕೊಬ್ಬರಿ ಎಣ್ಣೆ ಹಚ್ಚಿ.

ಇಲ್ಲಿ ಒಂಟಾರಿಯೊದಲ್ಲಿ ಪ್ರತಿ ಮಹಡಿಯಲ್ಲೂ ಹೊಗೆ ಅಲಾರ್ಮ್ ಇರಲೇಬೇಕು ಅಂತ ಕಾನೂನಿದೆ. ಬ್ಯಾಟರಿಯದು ನಮ್ಮಲ್ಲೂ ಸಿಗುತ್ತದೆ, ಒಂದು ತರಿಸಿ ಅವ್ವನ ಕೋಣೆಯ ಸೀಲಿಂಗಿಗೆ ಹಾಕು.

ದುಡ್ಡು ನಿನ್ನ ಖಾತೆಗೆ ಹಾಕಿದ್ದೇನೆ, ವೈರಿಂಗಿಗೂ ಸೇರಿಸಿ. ಮೊದಲು ವೈರಿಂಗ್, ಆಮೇಲೆ ಹೀಟರ್. ಮೊದಲ ದಿನ ಅರ್ಧ ಗಂಟೆ ಓಡಿಸಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಅದರ ಮೈ ಮುಟ್ಟಿ ನೋಡು. ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಮತ್ತೆ ಹಚ್ಚದೆ ಎಲೆಕ್ಟ್ರಿಷಿಯನ್‌ನ ಕರೆಸು. ಹೊಸ ಪಾಯಿಂಟಿನ ಫೋಟೋ, ಹೀಟರ್ ಮೇಲಿನ ಲೈಸೆನ್ಸ್ ನಂಬರಿನ ಫೋಟೋ ನನಗೆ ಕಳಿಸು, ನಾನೂ ಇಲ್ಲಿಂದ ನೋಡುತ್ತೇನೆ.

ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ. ಮಕ್ಕಳಿಗೆ ಮುದ್ದು.

ನಿಮ್ಮ ಪ್ರೀತಿಯ
ತಂಗಿ