ಡಲ್ಲಾಸ್‌ನಲ್ಲಿ ಸೋತು ಬಂದ ಥಂಡರ್ ಹುಡುಗರಿಗೆ

117-116. ಮೇ 2024, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್ (ನಾಕೌಟ್ ಹಂತ), ಏಳು ಪಂದ್ಯಗಳ ಸರಣಿಯ ಆರನೇ ಪಂದ್ಯ, ನಮ್ಮ ಒಕ್ಲಹೋಮಾ ಸಿಟಿ ಥಂಡರ್ ಮತ್ತು ಡಲ್ಲಾಸ್ ನಡುವೆ. ಮೂರನೇ ಕ್ವಾರ್ಟರ್‌ನಲ್ಲಿ 17 ಪಾಯಿಂಟ್ ಮುಂದಿದ್ದವರು ಒಂದೇ ಒಂದು ಪಾಯಿಂಟಿನಿಂದ ಸೋತಿರಿ. ಸೀಸನ್ ಅಲ್ಲಿಗೆ ಮುಗಿಯಿತು. ಹೊಟ್ಟೆಯಲ್ಲಿ ಇನ್ನೂ ಸಂಕಟ ಇದೆ. ಆದರೂ ಈ ಬರಹ ಧನ್ಯವಾದ ಹೇಳೋಕೆ.

2021ರ ಡಿಸೆಂಬರ್ ನೆನಪಿದೆಯಾ? ಮೆಂಫಿಸ್‌ಗೆ ಹೋಗಿ 152-79ರಲ್ಲಿ ಸೋತಿದ್ದಿರಿ. 73 ಪಾಯಿಂಟ್ ಅಂತರ, ಎನ್‌ಬಿಎ ಇತಿಹಾಸದಲ್ಲೇ ಅಷ್ಟು ದೊಡ್ಡ ಸೋಲು ಯಾರಿಗೂ ಆಗಿರಲಿಲ್ಲ. ನಮ್ಮ ಸ್ಟಾರ್ ಆಟಗಾರ ಶಾಯ್ ಗಿಲ್ಜಸ್-ಅಲೆಕ್ಸಾಂಡರ್ ಅವತ್ತು ಆಡಿರಲಿಲ್ಲ, ನಿಜ. ಆದರೆ ಹೇಳಬೇಕಾದ ವಿಷಯ ಬೇರೆ: ಅವತ್ತು ನಮಗೆ ನೋವೇ ಆಗಲಿಲ್ಲ. ನಗುತ್ತಾ ಟೀವಿ ಆಫ್ ಮಾಡಿದೆವು. ಆ ಸೀಸನ್‌ನಲ್ಲಿ ಗೆದ್ದಿದ್ದು 24 ಪಂದ್ಯ, ಮುಂದಿನ ವರ್ಷ 40, ಈ ವರ್ಷ 57. ಎರಡೇ ವರ್ಷದಲ್ಲಿ ಒಂದು ಪಾಯಿಂಟಿನ ಸೋಲಿಗೆ ನಿದ್ದೆಗೆಡುವ ಹಾಗೆ ಮಾಡಿಬಿಟ್ಟಿರಲ್ಲ, ಮೊದಲ ಥ್ಯಾಂಕ್ಸ್ ಅದಕ್ಕೇ.

ಕೊನೆಯ ಅರ್ಧ ನಿಮಿಷದ ಬಗ್ಗೆ ಮಾತಾಡದೆ ಇರೋಕಾಗಲ್ಲ. ನಮ್ಮ ಚೆಟ್ ಹೋಮ್‌ಗ್ರೆನ್ ಡಂಕ್ ಮಾಡಿ (ಚೆಂಡನ್ನು ನೇರ ಬುಟ್ಟಿಗೆ ತುರುಕಿ) ನಾವು 116-115 ಮುಂದಾದಾಗ ನಾವೆಲ್ಲ ಏಳನೇ ಪಂದ್ಯದ ಲೆಕ್ಕ ಶುರು ಮಾಡಿದ್ದೆವು. ಡಲ್ಲಾಸ್‌ನ ಡಾಂಚಿಚ್ ಒಳಗೆ ನುಗ್ಗಿದ, ಚೆಂಡು ಅವನ ಜೊತೆಗಾರ ಪಿ.ಜೆ. ವಾಷಿಂಗ್ಟನ್ ಕೈಗೆ ಹೋಯಿತು, ವಾಷಿಂಗ್ಟನ್‌ನ ಪಂಪ್ ಫೇಕ್‌ಗೆ (ಎಸೆಯುವ ಹಾಗೆ ನಟಿಸೋದು) ಶಾಯ್ ಹಾರಿಬಿಟ್ಟ. ಮೂರು ಪಾಯಿಂಟ್ ಶಾಟ್ ಮೇಲೆ ಫೌಲ್, ಉಳಿದಿದ್ದು 2.5 ಸೆಕೆಂಡು. ರೆಫರಿ ತೀರ್ಪನ್ನು ಚಾಲೆಂಜ್ ಮಾಡಿದೆವು, ನಮ್ಮ ವಾದ ನಿಲ್ಲಲಿಲ್ಲ. ಮೊದಲ ಎರಡು ಫ್ರೀ ಥ್ರೋ ಹಾಕಿ ಮೂರನೆಯದನ್ನು ವಾಷಿಂಗ್ಟನ್ ಬೇಕಂತಲೇ ತಪ್ಪಿಸಿದ, ನಮಗೆ ಟೈಮೇ ಸಿಗಬಾರದು ಅಂತ. ಜಾಣ ಆಟ. ಹೊಟ್ಟೆ ಉರಿದರೂ ಒಪ್ಪಿಕೊಳ್ಳಲೇಬೇಕು.

ಶಾಯ್, ಆಮೇಲೆ ಮೈಕ್ ಮುಂದೆ ಕೂತು ಆ ಫೌಲ್ ಮಾಡಬಾರದಿತ್ತು ಅಂತ ನೇರವಾಗಿ ಹೇಳಿದೆಯಲ್ಲ, ಅದಕ್ಕೆ ಸಲಾಂ. ರೆಫರಿಯನ್ನು ಬೈದಿದ್ದರೂ ನಾವು ನಿನ್ನ ಪರವೇ ನಿಲ್ಲುತ್ತಿದ್ದೆವು (ಅಭಿಮಾನಿಗಳು ಅಂದಮೇಲೆ ಅಷ್ಟು ಪಕ್ಷಪಾತ ಇದ್ದದ್ದೇ). ಅದೇ ಪಂದ್ಯದಲ್ಲಿ ನೀನು 36 ಪಾಯಿಂಟ್ ಹೊಡೆದದ್ದನ್ನು ಆ ಒಂದು ಫೌಲ್ ಅಳಿಸೋಕೆ ಬಿಡಲ್ಲ.

ಚೆಟ್, ಕಾಲಿನ ಗಾಯಕ್ಕೆ ಮೊದಲ ಸೀಸನ್ ಪೂರ್ತಿ ಬೆಂಚಿಗೆ ಹೋಗಿತ್ತು. ಈ ಸಲ 82ಕ್ಕೆ 82 ಪಂದ್ಯ ಆಡಿದೆ. ಅಷ್ಟು ಉದ್ದದ ಸಣಕಲು ಹುಡುಗ ಬಿದ್ದಾಗಲೆಲ್ಲ ನಮಗೆ ಉಸಿರು ನಿಂತ ಹಾಗಾಗುತ್ತಿತ್ತು, ಪ್ರತಿ ಸಲ ಎದ್ದೆ. ಜೆ-ಡಬ್ (ನಮ್ಮ ಜೇಲನ್ ವಿಲಿಯಮ್ಸ್), ಎರಡನೇ ವರ್ಷಕ್ಕೇ ಇಂಥ ಧೈರ್ಯ! ಕೋಚ್ ಡೇಗ್ನಾಲ್ಟ್ ಅವರೇ, ವರ್ಷದ ಕೋಚ್ ಪ್ರಶಸ್ತಿ ನಿಮಗೆ ಸಿಕ್ಕಿದ್ದು ನಮ್ಮ ಮನೆಯವರಿಗೇ ಸಿಕ್ಕಷ್ಟು ಖುಷಿ.

ಪ್ಲೇಆಫ್ ಸರಣಿ ಗೆದ್ದ ತಂಡಗಳಲ್ಲೇ ಅತಿ ಚಿಕ್ಕ ವಯಸ್ಸಿನ ತಂಡ ನಿಮ್ಮದು. ಮೊದಲ ಸುತ್ತಿನಲ್ಲಿ ನ್ಯೂ ಆರ್ಲಿಯನ್ಸ್ ತಂಡವನ್ನು 4-0ಯಲ್ಲಿ ಮನೆಗೆ ಕಳಿಸಿದಿರಿ. ಇದೇ ಡಲ್ಲಾಸ್‌ನಲ್ಲಿ, ಇದೇ ಗದ್ದಲದ ನಡುವೆ, ನಾಲ್ಕನೇ ಪಂದ್ಯವನ್ನು ಹಿಂದೆ ಬಿದ್ದಲ್ಲಿಂದ ಎದ್ದು ಗೆದ್ದಿರಿ. ಮತ್ತೆ ಆ ಇಂಟರ್‌ವ್ಯೂಗಳು! ಯಾರೋ ಒಬ್ಬನನ್ನು ಮಾತಾಡಿಸಿದರೆ ಇಡೀ ತಂಡ ಬಂದು ಸುತ್ತ ನಿಂತು, ಹೆಗಲಿಗೆ ಟವೆಲ್ ಹೊದಿಸಿ, ಕೊನೆಗೆ ನಾಯಿ ಹಾಗೆ ಬೊಗಳೋದು. ಇಷ್ಟು ಮಜಾ ಕೊಟ್ಟ ತಂಡ ಬೇರೆ ನೆನಪಾಗಲ್ಲ.

ಈಗ ಚೆನ್ನಾಗಿ ನಿದ್ದೆ ಮಾಡಿ, ಮನೆಯವರ ಜೊತೆ ಇರಿ. ಅಕ್ಟೋಬರ್‌ಗೆ ನಾವು ರೆಡಿ. ಬರುವಾಗ ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯೋದು) ಸ್ವಲ್ಪ ಗಟ್ಟಿ ಮಾಡಿಕೊಂಡು ಬನ್ನಿ, ಅಷ್ಟು ಕೇಳೋ ಹಕ್ಕು ನಮಗಿದೆ.