ಮಗಳಿಗೊಂದು ಪತ್ರ: ಕಿವಿಗೆ ಬೀಳದ ಸಣ್ಣ ಪದಗಳು

ಪ್ರೀತಿಯ ಪುಟ್ಟಿ,

ಕೇಂಬ್ರಿಡ್ಜಿನ ಸಿ1 ಅಡ್ವಾನ್ಸ್ಡ್ ಇಂಗ್ಲಿಷ್ ಪರೀಕ್ಷೆಗೆ ಅಭ್ಯಾಸ ಮಾಡಿ ನೀನು ಕಳಿಸಿದ ಎರಡೂ ಫೋಟೊ ನೋಡಿದೆ. ಒಂದು ಲಿಸನಿಂಗ್ ಅಭ್ಯಾಸದ ಉತ್ತರ ಪತ್ರಿಕೆ, 30ಕ್ಕೆ 17. ಇನ್ನೊಂದು ಯೂಸ್ ಆಫ್ ಇಂಗ್ಲಿಷ್ ಹಾಳೆ, ಅಂದರೆ ಗ್ರಾಮರ್ ಮತ್ತು ಪದಬಳಕೆಯದು. ಅದರ ಜೊತೆ ನೀನು ಬರೆದಿದ್ದೆ: "ಅಮ್ಮ, ಗ್ರಾಮರ್ ಪುಸ್ತಕ ಎರಡು ಸಲ ಮುಗಿಸಿದೆ. ದಿನಾ ಒಂದು ಗಂಟೆ ಪಾಡ್‌ಕಾಸ್ಟ್ ಕೇಳ್ತೀನಿ. ಆದ್ರೂ ಎರಡೂ ಅಲ್ಲೇ ನಿಂತಿವೆ." ಓದಿ ತುಂಬಾ ಬೇಜಾರಾಯಿತು. ಇಷ್ಟೊಂದು ಕಷ್ಟಪಡುವವಳ ಕೆಲಸ ಒಂದೇ ಕಡೆ ನಿಂತಿದೆ ಅಂದರೆ ಬೇರೆಲ್ಲೋ ಏನೋ ಸಿಕ್ಕಿಕೊಂಡಿದೆ ಅನ್ನಿಸಿತು.

ರಾತ್ರಿ ಎರಡೂ ಹಾಳೆಗಳನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದ ಅಭ್ಯಾಸ, ಕೈಯಲ್ಲಿ ಕೆಂಪು ಪೆನ್ನು ಇದ್ದರೇ ನನಗೆ ಯೋಚನೆ ಸರಿಯಾಗಿ ಬರುವುದು. ನೀನು ಇವನ್ನು ಎರಡು ಬೇರೆ ಬೇರೆ ತೊಂದರೆ ಅಂದುಕೊಂಡಿದ್ದೀಯ. ನನಗೆ ಕಂಡಿದ್ದು ಒಂದೇ.

ನಿನ್ನ ಉಕ್ತಲೇಖನದ ಪುಸ್ತಕದಲ್ಲಿ ಒಂದು ಸಾಲಿದೆ, ಹೋದ ತಿಂಗಳು ಕಳಿಸಿದ್ದೆಯಲ್ಲ, ಅದು. ಆಡಿಯೊದಲ್ಲಿ ಬಂದಿದ್ದು "ಹಿ ಮಸ್ಟ್ ಹ್ಯಾವ್ ಬೀನ್ ವೇಟಿಂಗ್ ಫಾರ್ ಅವರ್ಸ್". ನೀನು ಬರೆದದ್ದು "ಹಿ ಮಸ್ಟ್ ಬಿ ವೇಟಿಂಗ್ ಫಾರ್ ಅವರ್ಸ್". ಹ್ಯಾವ್ ಅನ್ನೋ ಪದ ನಿನ್ನ ಕಿವಿಗೆ ಬಿದ್ದೇ ಇಲ್ಲ, ಬೀನ್ ಹೋಗಿ ಬಿ ಆಗಿದೆ. ಅಷ್ಟಕ್ಕೇ ಅರ್ಥ ಬದಲಾಯಿತು: ಅವನು ಕಾದಿರಬೇಕು ಅನ್ನೋದು ಕಾಯುತ್ತಾ ಇರಬೇಕು ಅಂತಾಯಿತು. ಈಗ ಯೂಸ್ ಆಫ್ ಇಂಗ್ಲಿಷ್ ಹಾಳೆಯ ಎರಡನೇ ಭಾಗ ನೋಡು, ಬಿಟ್ಟ ಜಾಗ ತುಂಬುವುದು. ನೀನು ಖಾಲಿ ಬಿಟ್ಟಿದ್ದು ಎರಡು. 11ನೇ ಪ್ರಶ್ನೆಗೆ ಉತ್ತರ ಹ್ಯಾವ್. 14ನೆಯದಕ್ಕೆ ಉತ್ತರ ಆಫ್.

ನೋಡಿದೆಯಾ? ಲಿಸನಿಂಗ್‌ನಲ್ಲಿ ಕೇಳಿಸದೇ ಹೋದ ಪದವೇ ಗ್ರಾಮರ್ ಹಾಳೆಯಲ್ಲಿ ಹೊಳೆಯದೇ ಹೋದ ಪದ. ಕಿವಿಗೆ ಒಮ್ಮೆಯೂ ಬೀಳದ ಪದ ಕೈಗೆ ಹೇಗೆ ಬರಬೇಕು? ಆ ಭಾಗದಲ್ಲಿ ಕೇಳುವ 8 ಪದಗಳೂ ಹೆಚ್ಚಾಗಿ ಇಂಥವೇ. ಎ, ದ, ಟು, ಆಫ್, ಹ್ಯಾವ್, ಬೀನ್, ದಟ್, ಆ್ಯಸ್. ಯಾವುದೂ ಕಷ್ಟದ ಪದವಲ್ಲ. ಒಂದನೇ ಕ್ಲಾಸಿನಿಂದಲೂ ನಿನಗೆ ಗೊತ್ತಿರುವ ಪದಗಳು.

ಅವು ಯಾಕೆ ಕೇಳಿಸುವುದಿಲ್ಲ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದು ಅರ್ಥವಾದರೆ ಅರ್ಧ ಭಾರ ಇಳಿಯುತ್ತದೆ. ಕನ್ನಡದಲ್ಲಿ ನಾವು ಹೆಚ್ಚು ಕಡಿಮೆ ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಡುತ್ತೇವೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಇಂಗ್ಲಿಷ್ ಹಾಗಲ್ಲ. ಅದು ಅರ್ಥ ಹೊತ್ತ ಪದಗಳ ಮೇಲೆ ಒತ್ತು ಹಾಕಿ, ನಡುವಿನ ಸಣ್ಣ ಪದಗಳನ್ನು ಹಿಂಡಿಬಿಡುತ್ತದೆ. ಹಿಂಡಿದಾಗ ಅವುಗಳ ಸ್ವರವೂ ಬದಲಾಗುತ್ತದೆ, ಬಾಯಿ ಪೂರ್ತಿ ತೆರೆಯದೆ ಸುಮ್ನೆ "ಅ" ಅಂದ ಹಾಗೆ. ಅದಕ್ಕೆ ಷ್ವಾ ಅಂತ ಹೆಸರು, ಇಂಗ್ಲಿಷ್ ಮಾತಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಸ್ವರ ಅದೇ. ಹಾಗಾಗಿ "ಷುಡ್ ಹ್ಯಾವ್" ಅನ್ನೋದು "ಷುಡವ್" ಆಗುತ್ತದೆ, "ಮಸ್ಟ್ ಹ್ಯಾವ್ ಬೀನ್" ಅನ್ನೋದು "ಮಸ್ಟವ್‌ಬಿನ್". ನೀನು ಕಾಯುತ್ತಾ ಕೂತಿರುವುದು ಪುಸ್ತಕದಲ್ಲಿ ಓದಿದ "ಹ್ಯಾವ್" ಬರಲಿ ಅಂತ. ಅದು ಆ ರೂಪದಲ್ಲಿ ಬರುವುದೇ ಇಲ್ಲ ಕಂದ.

ನಮ್ಮ ಮಾತಿನಲ್ಲೂ ಹೀಗಾಗುತ್ತದೆ, ಅಲ್ವಾ? "ಏನು ಮಾಡುತ್ತಾ ಇದ್ದೀಯ" ಅಂತ ನಾನು ಯಾವತ್ತಾದರೂ ನಿನ್ನನ್ನು ಬಿಡಿಸಿ ಕೇಳಿದ್ದೀನಾ? "ಏನ್ಮಾಡ್ತಿದೀಯ" ಅನ್ನುತ್ತೇನೆ. ಅದರೊಳಗೆ "ಇದ್ದೀಯ" ಎಲ್ಲಿದೆ ಅಂತ ನೀನು ಹುಡುಕುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದ ಕಿವಿ ಅದನ್ನು ತಾನೇ ತುಂಬಿಕೊಳ್ಳುತ್ತದೆ. ಪುಸ್ತಕದಿಂದ ಮಾತ್ರ ಕನ್ನಡ ಕಲಿತು ಬಂದವರ ಮುಂದೆ "ಹೋಗ್ಬಿಟ್ಟು ಬರ್ತೀನಿ" ಅಂದು ನೋಡು, ಕಕ್ಕಾಬಿಕ್ಕಿಯಾಗುತ್ತಾರೆ. ಇಂಗ್ಲಿಷಿನ ಮುಂದೆ ನಿನ್ನ ಕಿವಿಯೂ ಈಗ ಅದೇ ಜಾಗದಲ್ಲಿದೆ, ಅಷ್ಟೇ.

ಈ ಸಣ್ಣ ಪದಗಳನ್ನು ಹಿಡಿಯಲು ದಿನಕ್ಕೊಂದು ಗಂಟೆ ಪಾಡ್‌ಕಾಸ್ಟ್ ಸಾಲುವುದಿಲ್ಲ. ಅದನ್ನು ಬಿಡು ಅನ್ನುತ್ತಿಲ್ಲ, ಖುಷಿಗೆ ಕೇಳು. ಆದರೆ ಹಾಗೆ ಕೇಳುವಾಗ ಮನಸ್ಸು ದೊಡ್ಡ ಪದಗಳನ್ನು ಹಿಡಿದು ವಿಷಯ ಊಹಿಸಿಕೊಂಡು ಹೋಗುತ್ತದೆ. ಅರ್ಥವಾಯಿತು ಅನ್ನೋ ಸಮಾಧಾನ ಸಿಗುತ್ತದೆ, ಬಿಟ್ಟುಹೋದದ್ದು ಬಿಟ್ಟೇ ಹೋಗುತ್ತದೆ.

ಅದರ ಬದಲು ದಿನಕ್ಕೆ 20 ಸೆಕೆಂಡಿನ ಒಂದು ತುಣುಕು ತಗೋ. ಅಷ್ಟೇ ಸಾಕು. ಮೊದಲು ಪರೀಕ್ಷೆಯ ಹಾಗೇ ಪೂರ್ತಿ ಆಡಿಯೊ ಎರಡು ಸಲ ಕೇಳಿ ಉತ್ತರ ಬರಿ. ಆಮೇಲೆ ಎಲ್ಲಿ ತಪ್ಪಿತೋ ಆ ಜಾಗಕ್ಕೆ ಹೋಗಿ, ಅಲ್ಲಿಂದ 20 ಸೆಕೆಂಡನ್ನು ಪದಪದವಾಗಿ ಬರೆದುಕೋ. ಸ್ಕೂಲಿನಲ್ಲಿ ಉಕ್ತಲೇಖನ ಬರೆಸುತ್ತಿದ್ದರಲ್ಲ, ಹಾಗೇ. ಎಷ್ಟು ಸಲ ಬೇಕಾದರೂ ಹಿಂದೆ ಹಾಕು. ಕೇಳಿಸದ ಕಡೆ ಗೀಟು ಎಳೆದು ಜಾಗ ಬಿಡು, ಊಹಿಸಿ ತುಂಬಬೇಡ. ವೇಗವನ್ನೂ ಕಡಿಮೆ ಮಾಡಬೇಡ, ಆಡಿಯೊ ನಿಧಾನ ಮಾಡಿದರೆ "ಷುಡವ್" ಎಳೆದಾಡುತ್ತದೆ ಅಷ್ಟೇ, "ಷುಡ್ ಹ್ಯಾವ್" ಆಗುವುದಿಲ್ಲ. ಇನ್ನು ಏನೂ ಕೇಳಿಸುತ್ತಿಲ್ಲ ಅನ್ನಿಸಿದ ಮೇಲೆ ಬಿಟ್ಟ ಜಾಗಗಳನ್ನು ನೋಡು. ಇಲ್ಲಿ ಗ್ರಾಮರ್ ಪ್ರಕಾರ ಯಾವ ಪದ ಇರಲೇಬೇಕು ಅಂತ ಯೋಚಿಸು. "ಮಸ್ಟ್" ಆದಮೇಲೆ ಏನು ಬರಬಹುದು, "ಬಿನ್" ಅಂತ ಕೇಳಿಸಿದರೆ ಅದರ ಹಿಂದೆ ಏನಿರಬೇಕು ಅಂತ. ಆಮೇಲೆಯೇ ಲಿಖಿತ ರೂಪ ತೆಗೆದು ನೋಡು. ಕೊನೆಗೆ ಮಾತಾಡಿದವರ ಜೊತೆಜೊತೆಗೇ ನೀನೂ ಜೋರಾಗಿ ಹೇಳು, ಅದೇ ವೇಗದಲ್ಲಿ, ಅದೇ ಒತ್ತಿನಲ್ಲಿ. ನಿನ್ನ ಬಾಯಿ ಹಿಂಡಿದ ಪದವನ್ನು ಕಿವಿ ಗುರುತು ಹಿಡಿಯುತ್ತದೆ.

ಒಂದು ತುಣುಕಿಗೆ ಕಾಲು ಗಂಟೆ ಬೇಕು. ಅದರಲ್ಲಿ ಲಿಸನಿಂಗೂ ಆಯಿತು, ಗ್ರಾಮರೂ ಆಯಿತು.

ಇನ್ನು ಲಿಸನಿಂಗ್ ಹಾಳೆಯ ಆ 13 ತಪ್ಪುಗಳು. ಭಾಗವಾರು ಎಣಿಸಿದೆ. ಮೊದಲ ಭಾಗದಲ್ಲಿ ಒಂದೇ ಒಂದು, ಅದು ಬಿಡು. ಎರಡನೇ ಭಾಗದಲ್ಲಿ 4. ಒಬ್ಬರೇ ಮಾತಾಡುತ್ತಾರೆ, 8 ವಾಕ್ಯ ಪೂರ್ತಿ ಮಾಡಬೇಕು. ಕೇಳಿದ ಪದವನ್ನೇ ಬರೆಯಬೇಕು, ಬದಲಾಯಿಸುವ ಅಗತ್ಯವಿಲ್ಲ. ಆದರೂ ನೀನು ಜಾರಿದ್ದು ಎಲ್ಲಿ ಗೊತ್ತಾ? ಆಡಿಯೊದಲ್ಲಿ ಮಾತಾಡಿದವಳು ಹೇಳಿದ್ದರ ಸಾರ ಇಷ್ಟು: ನನಗೆ ಚಳಿ ಕಾಟ ಕೊಟ್ಟಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಸದ್ದೂ ಜಾಸ್ತಿಯೇ ಇತ್ತು, ಆದರೆ ನಿಜವಾಗಿ ಸಾಕುಸಾಕಾಗಿದ್ದು ತೇವದಿಂದ. ನೀನು ಚಳಿ ಅಂತ ಬರೆದೆ. ಮೊದಲು ಕೇಳಿಸಿದ್ದನ್ನು ಹಿಡಿದುಕೊಂಡೆ. ಪರೀಕ್ಷೆಯವರು ಬೇಕೆಂದೇ ಹಾಗೆ ಎರಡು ಮೂರು ಪದ ಮುಂದೆ ಬಿಡುತ್ತಾರೆ. ಆದರೆ ಸರಿಯಾದ ಉತ್ತರ ಬರುವ ಮುಂಚೆ ವಾಕ್ಯದ ನಡೆ ಬದಲಾಗುತ್ತದೆ. ಇಲ್ಲಿ ಅವಳು "ಬಟ್ ವಾಟ್ ರಿಯಲಿ ಗಾಟ್ ಟು ಮಿ ವಾಸ್" ಅಂತ ಶುರು ಮಾಡಿದಳು. ಇದು ನಿನ್ನ ಗ್ರಾಮರ್ ಪುಸ್ತಕದಲ್ಲಿರುವ ಕ್ಲೆಫ್ಟ್ ವಾಕ್ಯವೇ ಅಲ್ವಾ? ಬರೆಯಲು ಕಲಿತೆ, ಕೇಳಲು ಕಲಿಯಲಿಲ್ಲ. "ವಾಟ್" ಅಂತ ಶುರುವಾಗಿ "ವಾಸ್" ಅಂತ ಬಂದಿತೋ, ಪೆನ್ನು ರೆಡಿ ಇಟ್ಟುಕೋ. ಇಂಗ್ಲಿಷ್ ಮಾತಾಡುವವರು ಮುಖ್ಯವಾದದ್ದನ್ನು ತೋರಿಸಲು ಕಟ್ಟಿಕೊಂಡ ವಾಕ್ಯ ಅದು. ನಾವು "ನಾನು ಹೇಳಿದ್ದು ಅವನಿಗೆ" ಅಂತ ಪದವನ್ನು ಕೊನೆಗೆ ತಳ್ಳಿ ಒತ್ತು ಕೊಡುತ್ತೇವಲ್ಲ, ಅದೇ ಕೆಲಸ.

ಮೂರನೇ ಭಾಗದಲ್ಲಿ 16, 17, 18 ಒಂದರ ಹಿಂದೆ ಒಂದು ತಪ್ಪು. ಇದು ಕಿವಿಯ ತಪ್ಪಲ್ಲ. 16 ತಪ್ಪಿದ್ದಕ್ಕೆ ಹಿಂದೆ ನೋಡುತ್ತಾ ಕೂತು ಮುಂದಿನ ಎರಡನ್ನೂ ಕಳೆದುಕೊಂಡೆ. ಪ್ರಶ್ನೆಗಳು ಮಾತಿನ ಕ್ರಮದಲ್ಲೇ ಬರುತ್ತವೆ, ಎರಡನೇ ಸಲ ಕೇಳಿಸಿಯೇ ಕೇಳಿಸುತ್ತಾರೆ. ಹೋದದ್ದು ಹೋಗಲಿ ಅಂತ ಒಂದು ಚುಕ್ಕಿ ಇಟ್ಟು ಮುಂದೆ ಹೋಗು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಕೊನೆಯಲ್ಲಿ ಒಂದನ್ನೂ ಖಾಲಿ ಬಿಡಬೇಡ.

ನಾಲ್ಕನೇ ಭಾಗದಲ್ಲಿ 5 ಹೋಗಿವೆ. ಐದು ಜನ, ಒಬ್ಬೊಬ್ಬರೂ ಅರ್ಧ ನಿಮಿಷ, ಎರಡು ಕೆಲಸ ಒಟ್ಟಿಗೆ: ಒಬ್ಬೊಬ್ಬರ ಮಾತಿಗೂ ಎರಡು ಪಟ್ಟಿಗಳಿಂದ ಒಂದೊಂದು ಉತ್ತರ ಆರಿಸಬೇಕು. ಮೊದಲ ಸಲಕ್ಕೆ ಒಂದು ಕೆಲಸ, ಎರಡನೇ ಸಲಕ್ಕೆ ಇನ್ನೊಂದು ಅಂತ ಕೆಲವರು ಹೇಳಿಕೊಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಪ್ರತಿಯೊಂದನ್ನೂ ಒಂದೇ ಸಲ ಕೇಳಿದ ಹಾಗಾಗುತ್ತದೆ. ಎರಡೂ ಪಟ್ಟಿ ಕಣ್ಣ ಮುಂದೆ ಇರಲಿ, ಮೊದಲ ಸಲ ಪೆನ್ಸಿಲ್‌ನಲ್ಲಿ ತೆಳುವಾಗಿ ಎರಡಕ್ಕೂ ಗುರುತು ಹಾಕು, ಎರಡನೇ ಸಲ ಗಟ್ಟಿ ಮಾಡು.

ಗ್ರಾಮರ್ ಹಾಳೆಯಲ್ಲಿ ಇನ್ನೊಂದು ಜಾಗ ತೋರಿಸಬೇಕು. ನಾಲ್ಕನೇ ಭಾಗ, ಕೊಟ್ಟ ಪದ ಬಳಸಿ ವಾಕ್ಯ ತಿರುಗಿಸುವುದು. ಅಲ್ಲಿ 6 ಪ್ರಶ್ನೆ, ಒಂದೊಂದಕ್ಕೂ 2 ಅಂಕ. ಮೂಲ ವಾಕ್ಯ: "ಇಟ್ ವಾಸ್ ಓನ್ಲಿ ವೆನ್ ಐ ಗಾಟ್ ಹೋಮ್ ದಟ್ ಐ ರಿಯಲೈಸ್ಡ್ ಐ ಹ್ಯಾಡ್ ಲಾಸ್ಟ್ ಮೈ ಕೀಸ್." ಕೊಟ್ಟ ಪದ "ಅನ್‌ಟಿಲ್". ಎರಡನೇ ವಾಕ್ಯ "ನಾಟ್" ಅಂತ ಶುರುವಾಗಿ, ಖಾಲಿ ಜಾಗ ಆದಮೇಲೆ "ಐ ರಿಯಲೈಸ್" ಅಂತ ಮುಂದುವರಿಯುತ್ತದೆ. ನೀನು ತುಂಬಿದ್ದು "ಅನ್‌ಟಿಲ್ ಐ ಗಾಟ್ ಹೋಮ್ ದಟ್". ಆದರೆ ಜಾಗದ ಆಚೆ ಏನಿದೆ ನೋಡು. ರಿಯಲೈಸ್ಡ್ ಅಲ್ಲ, ರಿಯಲೈಸ್. ಆ ಡಿ ಎಲ್ಲಿಗೆ ಹೋಯಿತು? ಭೂತಕಾಲ ಖಾಲಿ ಜಾಗದೊಳಗೇ ಇರಬೇಕು ಅಂತ ಅದು ಹೇಳುತ್ತಿದೆ. ಹಾಗಾಗಿ "ಅನ್‌ಟಿಲ್ ಐ ಗಾಟ್ ಹೋಮ್ ಡಿಡ್". ಅರ್ಧ ಸರಿ ಇದ್ದುದಕ್ಕೆ 1 ಅಂಕ ಸಿಗುತ್ತದೆ, ಇನ್ನೊಂದು ಹೋಯಿತು. ತುಂಬಿದ ಮೇಲೆ ವಾಕ್ಯವನ್ನು ಮೊದಲಿನಿಂದ ಪೂರ್ತಿ ಮನಸ್ಸಿನಲ್ಲೇ ಕೇಳಿಸಿಕೋ. ನಿಜವಾಗಿ ಕೇಳಿಸಿಕೋ, ಬರಿ ಕಣ್ಣಾಡಿಸಬೇಡ. ಪದಗಳ ಲೆಕ್ಕವನ್ನೂ ನೋಡು, 3ರಿಂದ 6. ಐಯಾಮ್, ಡಿಡಂಟ್ ಅಂಥ ಕೂಡಿಸಿದ ರೂಪಗಳನ್ನು ಎರಡು ಪದ ಅಂತ ಎಣಿಸುತ್ತಾರೆ.

ಅದೇ ಹಾಳೆಯ ಮೂರನೇ ಭಾಗ, ಕೊಟ್ಟ ಪದದ ರೂಪ ಬದಲಿಸುವುದು, ನಿನಗೆ ಚೆನ್ನಾಗಿ ಬರುತ್ತದೆ. ಅಲ್ಲಿ ಸುಮ್ನೆ ಇನ್ನಷ್ಟು ಹೊತ್ತು ಕಳೆಯಬೇಡ.

ಅಂಕದ ಚಿಂತೆಗೆ ಇಷ್ಟು ತಿಳಿದುಕೋ. ಒಟ್ಟು ಅಂಕ ಐದರ ಸರಾಸರಿ: ರೀಡಿಂಗ್, ಯೂಸ್ ಆಫ್ ಇಂಗ್ಲಿಷ್, ರೈಟಿಂಗ್, ಲಿಸನಿಂಗ್, ಸ್ಪೀಕಿಂಗ್. ಒಂದೊಂದರಲ್ಲೂ ಬೇರೆ ಬೇರೆ ಪಾಸಾಗಬೇಕು ಅಂತಿಲ್ಲ. ಎಲ್ಲ ಭಾಗದ ಅಂಕವನ್ನೂ ಒಂದೇ ಅಳತೆಗೆ ತರುವ ಕೇಂಬ್ರಿಡ್ಜ್ ಸ್ಕೇಲಿನಲ್ಲಿ ಸರಾಸರಿ 180 ಬಂದರೆ ಸಿ1 ಅಡ್ವಾನ್ಸ್ಡ್ ನಿನ್ನದು. ನೀನು ಒದ್ದಾಡುತ್ತಿರುವ ಎರಡು ಸೇರಿ ಐದರಲ್ಲಿ ಎರಡು ಪಾಲು. ಒಂದೇ ಅಭ್ಯಾಸ ಎರಡನ್ನೂ ಮೇಲೆತ್ತುತ್ತದೆ ಅಂತ ನನಗೆ ನಂಬಿಕೆ, ಮುಂದೆ ಕೂತ ಎಷ್ಟೋ ಮಕ್ಕಳಲ್ಲಿ ಕಣ್ಣಾರೆ ನೋಡಿದ್ದೇನೆ.

ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಂಗ್ಲಿಷ್ ಕಲಿತದ್ದು ಪೂರ್ತಿ ಪುಸ್ತಕದಿಂದ. ಮೊದಲ ಸಲ ರೇಡಿಯೊದಲ್ಲಿ ಇಂಗ್ಲಿಷ್ ಮಾತುಕತೆ ಕೇಳಿದಾಗ, ಬರೆದು ಕೊಟ್ಟರೆ ಒಂದು ಪದವೂ ಗೊತ್ತಿಲ್ಲ ಅನ್ನುವ ಹಾಗಿಲ್ಲ, ಆದರೆ ಕೇಳಿದರೆ ಒಂದೂ ತಿಳಿಯಲಿಲ್ಲ. ಅವತ್ತು ಅತ್ತಿದ್ದೆ. ನಿನಗೆ ಅಷ್ಟು ವರ್ಷ ಕಾಯುವ ಹಾಗೆ ಆಗಬಾರದು ಅಂತಲೇ ಇಷ್ಟುದ್ದ ಬರೆದೆ.

ಎರಡನೇ ಭಾಗದ ಆ ಚಳಿ, ಸದ್ದು, ತೇವದ ಜಾಗದಿಂದಲೇ ಶುರು ಮಾಡು. 20 ಸೆಕೆಂಡು ಕೇಳಿ ಬರೆದು ಭಾನುವಾರದೊಳಗೆ ಫೋಟೊ ಕಳಿಸು. ತಿದ್ದಿ ಚೆಂದ ಮಾಡಬೇಡ, ಗೀಟುಗಳೆಲ್ಲ ಹಾಗೇ ಇರಲಿ. ಎಲ್ಲಿ ಜಾಗ ಬಿಟ್ಟಿದ್ದೀಯ ಅಂತ ನಾನು ನೋಡಬೇಕು.

ಪ್ರೀತಿಯಿಂದ,
ನಿನ್ನ ಅಮ್ಮ